ಶನಿವಾರ ಕಾಲೇಜ್ ಫುಟ್‌ಬಾಲ್ ನೋಡೋಕೆ ಹೊರಟಿದ್ದೀರಾ? ಮೊದಲು ಕಾರು ತೆಗೆಯಿರಿ

ಅಮೆರಿಕದ ದೊಡ್ಡ ಯೂನಿವರ್ಸಿಟಿಯೊಂದಕ್ಕೆ ಓದಲು ಬಂದ ಮೊದಲ ಸೆಪ್ಟೆಂಬರ್ ಅದು. ಶುಕ್ರವಾರ ರಾತ್ರಿ ಲ್ಯಾಬ್ ಮುಗಿಸಿ ಗೆಳೆಯನ ಜೊತೆ ಅವನ ಕಾರಲ್ಲೇ ಮನೆಗೆ ಹೋದೆ. ನನ್ನದು ಡಿಪಾರ್ಟ್‌ಮೆಂಟ್ ಹಿಂದಿನ ಪಾರ್ಕಿಂಗ್ ಲಾಟ್‌ನಲ್ಲೇ ಉಳಿಯಿತು. ಬೆಳಗ್ಗೆ ಏಳೂವರೆಗೆ ಬಂದು ನೋಡಿದರೆ ಕಾರು ಇದ್ದ ಜಾಗದಲ್ಲಿ ಒಂದು ಟೆಂಟು, ಟೆಂಟಿನ ಕೆಳಗೆ ಗ್ರಿಲ್ಲು, ಗ್ರಿಲ್ಲಿನ ಪಕ್ಕ ತಲೆಯಿಂದ ಕಾಲಿನವರೆಗೆ ಒಂದೇ ಬಣ್ಣ ಹಾಕಿಕೊಂಡು ಸಾಸೇಜ್ ತಿರುಗಿಸುತ್ತಿದ್ದ ಎಪ್ಪತ್ತು ದಾಟಿದ ಅಜ್ಜ. "ಎಳೆದುಕೊಂಡು ಹೋದರಪ್ಪ, ಬೋರ್ಡ್ ಓದಲಿಲ್ವಾ?" ಅಂತ ಕೇಳಿದರು. ಆಮೇಲೆ ಪಾಪ ಅನ್ನಿಸಿರಬೇಕು, ಒಂದು ಪ್ಲೇಟ್ ಕೈಗೆ ಕೊಟ್ಟರು.

ಹಾಗಾಗಿ ಮೊದಲ ಮಾತು. ಗೇಮ್ ಇರುವ ವಾರ ಗುರುವಾರವೇ ನಿಮ್ಮ ಲಾಟ್‌ನ ಬೋರ್ಡ್ ಓದಿ. ಕ್ಯಾಂಪಸ್‌ನ ಎಷ್ಟೋ ಲಾಟ್‌ಗಳನ್ನು ಶುಕ್ರವಾರ ಸಂಜೆಯಿಂದಲೇ ಖಾಲಿ ಮಾಡಿಸುತ್ತಾರೆ. ವರ್ಷವಿಡೀ ದುಡ್ಡು ಕೊಟ್ಟ ಪರ್ಮಿಟ್ ನಿಮ್ಮ ಹತ್ತಿರ ಇದ್ದರೂ ಆ ದಿನ ಅದಕ್ಕೆ ಬೆಲೆ ಇಲ್ಲ.

ಇಷ್ಟೆಲ್ಲಾ ಯಾಕೆ ಅಂದರೆ, ಇಂಥ ದಿನ ವರ್ಷಕ್ಕೆ ಆರೋ ಏಳೋ ಸಲ ಮಾತ್ರ ಬರುತ್ತದೆ. ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯವರೆಗೆ ಒಂದು ತಂಡಕ್ಕೆ ಸಾಮಾನ್ಯವಾಗಿ 12 ಪಂದ್ಯ, ಅದರಲ್ಲಿ ಅರ್ಧ ಹೊರಗೂರಲ್ಲಿ. ಉಳಿದ ಆ ಕೆಲವು ಶನಿವಾರಗಳಿಗೆ ಊರಿಗೆ ಊರೇ ಕಾದು ಕೂತಿರುತ್ತದೆ. ಅಂದಹಾಗೆ ಇದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿ ಕೈಯಲ್ಲಿ ಹಿಡಿದು ಓಡುವ ಆಟ. ತಮಾಷೆ ಏನಂದರೆ, ಮೊದಲ ಕಾಲೇಜ್ ಪಂದ್ಯ ಅಂತ ಹೇಳುವ 1869ರ ನವೆಂಬರ್ 6ರ ಆಟದಲ್ಲಿ ರಟ್ಗರ್ಸ್ ತಂಡ ಪ್ರಿನ್ಸ್‌ಟನ್ ತಂಡವನ್ನು 6-4ರಿಂದ ಸೋಲಿಸಿದಾಗ ಚೆಂಡನ್ನು ಹಿಡಿದು ಓಡುವ ಹಾಗೇ ಇರಲಿಲ್ಲ.

ಆಟ ಶುರುವಾಗುವ ಹೊತ್ತನ್ನು ತೀರ್ಮಾನಿಸುವುದು ಟಿವಿ ಚಾನೆಲ್‌ಗಳು. ಮಧ್ಯಾಹ್ನ ಹನ್ನೆರಡೋ, ಮೂರೂವರೆಯೋ, ರಾತ್ರಿಯೋ ಅನ್ನುವುದು ಎಷ್ಟೋ ಸಲ 12 ದಿನ ಮುಂಚೆ, ಕೆಲವೊಮ್ಮೆ ಬರೀ 6 ದಿನ ಮುಂಚೆ ಗೊತ್ತಾಗುತ್ತದೆ. ಬೇರೆ ಊರಿಂದ ಬರುವವರು ವಾಪಸ್ ಹೋಗುವ ಬಸ್ಸು, ವಿಮಾನ ಭಾನುವಾರಕ್ಕೇ ಇಟ್ಟುಕೊಳ್ಳಿ. ಒಂದು ಪಂದ್ಯಕ್ಕೆ ಮೂರೂವರೆ ಗಂಟೆ ಹಿಡಿಯುತ್ತದೆ. ಓವರ್‌ಟೈಮ್ ಬಂದರೆ ಇನ್ನೂ ಜಾಸ್ತಿ.

ಟಿಕೆಟ್ ಈಗ ಎಲ್ಲಾ ಕಡೆ ಫೋನಲ್ಲೇ. ಇಲ್ಲಿ ಜನ ಮಾಡುವ ತಪ್ಪು ಒಂದೇ, ಗೇಟ್ ಮುಂದೆ ನಿಂತು ಆ್ಯಪ್ ತೆಗೆಯುವುದು. ಆನ್ ಆರ್ಬರ್‌ನ ಮಿಷಿಗನ್ ಸ್ಟೇಡಿಯಂ ಒಂದರಲ್ಲೇ 1,07,601 ಜನ ಕೂರುತ್ತಾರೆ. ಅಷ್ಟು ಫೋನ್‌ಗಳು ಒಂದೇ ಕಡೆ ಸೇರಿದರೆ ನೆಟ್‌ವರ್ಕ್ ಎಲ್ಲಿಂದ ಬರಬೇಕು? ಬೆಂಕಿ ಬಿದ್ದಾಗ ಬಾವಿ ತೋಡುವ ಕೆಲಸ ಅದು. ಶುಕ್ರವಾರ ರಾತ್ರಿಯೇ ಟಿಕೆಟ್ ಅನ್ನು ಫೋನಿನ ವಾಲೆಟ್‌ಗೆ ಹಾಕಿಕೊಳ್ಳಿ. ಸ್ಕ್ರೀನ್‌ಶಾಟ್ ನಂಬಬೇಡಿ, ಬಾರ್‌ಕೋಡ್ ಬದಲಾಗುತ್ತಿರುವ ಕಡೆ ಅದು ನಡೆಯುವುದಿಲ್ಲ. ಸ್ಟೂಡೆಂಟ್ ಟಿಕೆಟ್ ಆದರೆ ಐಡಿ ಕಾರ್ಡ್ ಮರೆಯಬೇಡಿ. ಮೊದಲ ಸಲ ಹೋಗುವವರಿಗೆ ನನ್ನ ಸಲಹೆ: ಸೆಪ್ಟೆಂಬರ್ ಮೊದಲಲ್ಲಿ ಯಾವುದೋ ಚಿಕ್ಕ ಕಾಲೇಜಿನ ಜೊತೆ ಇರುವ ಪಂದ್ಯ ಹಿಡಿಯಿರಿ. ಟಿಕೆಟ್ ಅಗ್ಗ, ಫಲಿತಾಂಶ ಅರ್ಧದಲ್ಲೇ ಗೊತ್ತಾಗಿರುತ್ತದೆ, ಯಾರಿಗೂ ಟೆನ್ಷನ್ ಇರುವುದಿಲ್ಲ, ಪಕ್ಕದವರು ಆರಾಮಾಗಿ ಆಟ ವಿವರಿಸುತ್ತಾರೆ. ಬದ್ಧ ಎದುರಾಳಿಗಳಾದ ಒಹಾಯೊ ಸ್ಟೇಟ್ ಮತ್ತು ಮಿಷಿಗನ್ ಆಡುವಾಗ ಪಕ್ಕದವರನ್ನು "ಈಗ ಏನಾಯ್ತು?" ಅಂತ ಕೇಳಿ ನೋಡಿ, ಗೊತ್ತಾಗುತ್ತದೆ.

ಬಟ್ಟೆಯ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ನಿಮ್ಮ ತಂಡದ ಬಣ್ಣ ಯಾವುದು ಅಂತ ಎಲ್ಲರೂ ನೋಡಿಕೊಳ್ಳುತ್ತಾರೆ. ಎದುರಾಳಿಯದ್ದು ಯಾವುದು ಅಂತ ನೋಡುವುದಿಲ್ಲ. ನಾನು ಕಾರು ಕಳೆದುಕೊಂಡ ದಿನವೇ, ಇದ್ದಿದ್ದರಲ್ಲಿ ಚೆನ್ನಾಗಿದೆ ಅಂತ ಒಂದು ಕೆಂಪು ಟೀ ಶರ್ಟ್ ಹಾಕಿಕೊಂಡು ಹೋಗಿ, ದಾರಿಯುದ್ದಕ್ಕೂ ಯಾಕೆ ಹೀಗೆ ದುರುಗುಟ್ಟಿ ನೋಡುತ್ತಿದ್ದಾರೆ ಅಂತ ತಲೆ ಕೆಡಿಸಿಕೊಂಡಿದ್ದೆ. ಎದುರಾಳಿಯ ಬಣ್ಣ ಕೆಂಪು. ಹುಚ್ಚು ಎಷ್ಟಿದೆ ಅಂದರೆ ಕೊಲಂಬಸ್‌ನಲ್ಲಿ ಮಿಷಿಗನ್ ಪಂದ್ಯದ ವಾರ ಒಹಾಯೊ ಸ್ಟೇಟ್ ಕ್ಯಾಂಪಸ್‌ನ ಬೋರ್ಡುಗಳಲ್ಲಿರುವ 'ಎಂ' ಅಕ್ಷರಕ್ಕೆಲ್ಲಾ ಕೆಂಪು ಟೇಪ್ ಅಂಟಿಸಿ ಹೊಡೆದು ಹಾಕುತ್ತಾರೆ. ಕೆಲವು ಪಂದ್ಯಗಳಿಗೆ ಬೇರೆಯೇ ನಿಯಮ ಇರುತ್ತದೆ. ಪೆನ್ ಸ್ಟೇಟ್‌ನ ವೈಟ್ ಔಟ್ ದಿನ ಎಲ್ಲರೂ ಬಿಳಿ. ಟೆನೆಸಿಯಲ್ಲಿ ಒಮ್ಮೊಮ್ಮೆ ನಿಮ್ಮ ಸೆಕ್ಷನ್ ನೋಡಿ ಕಿತ್ತಳೆಯೋ ಬಿಳಿಯೋ ಹಾಕಬೇಕು, ದೂರದಿಂದ ನೋಡಿದರೆ ಇಡೀ ಸ್ಟೇಡಿಯಂ ಚದುರಂಗದ ಮಣೆ.

ಒಯ್ಯುವ ಬ್ಯಾಗು, ಒಳಗಿನದೆಲ್ಲ ಹೊರಗಿನಿಂದಲೇ ಕಾಣುವ ಪಾರದರ್ಶಕ ಪ್ಲಾಸ್ಟಿಕ್‌ನದ್ದೇ ಆಗಬೇಕು. ಬಹಳಷ್ಟು ಕಡೆ ಅಳತೆ 12 ಇಂಚು, 6 ಇಂಚು, 12 ಇಂಚು. ಅದಿಲ್ಲದಿದ್ದರೆ ಒಂದು ಗ್ಯಾಲನ್‌ನ ಜಿಪ್‌ಲಾಕ್ ಚೀಲವೂ ನಡೆಯುತ್ತದೆ, ನಾನು ಇವತ್ತಿಗೂ ಅದನ್ನೇ ಒಯ್ಯುವುದು. ಕೊಡೆ ಬಿಡುವುದಿಲ್ಲ, ಮಳೆಗೆ ಪೊಂಚೊ ಇಟ್ಟುಕೊಳ್ಳಿ. ಮತ್ತೆ ಒಂದು ಸಲ ಹೊರಗೆ ಬಂದರೆ ಎಷ್ಟೋ ಕಡೆ ಮತ್ತೆ ಒಳಗೆ ಬಿಡುವುದಿಲ್ಲ.

ಉತ್ತರದ ರಾಜ್ಯಗಳಲ್ಲಿ ನವೆಂಬರ್ ಪಂದ್ಯ ಅಂದರೆ ಚಳಿ ಮೇಲಿಂದಲ್ಲ, ಕೆಳಗಿಂದ ಬರುತ್ತದೆ. ಕಾಲ ಕೆಳಗೆ ಕಾಂಕ್ರೀಟ್, ಕೂರುವುದು ಅಲ್ಯೂಮಿನಿಯಂ ಬೆಂಚು. ಎರಡು ಜೊತೆ ಸಾಕ್ಸ್, ಕಾಲಡಿ ಹಾಕಿಕೊಳ್ಳಲು ಒಂದು ತುಂಡು ರಟ್ಟು, ಇಷ್ಟಿದ್ದರೆ ಪಂದ್ಯದ ಕೊನೆಯ ಭಾಗವಾದ ನಾಲ್ಕನೇ ಕ್ವಾರ್ಟರ್‌ವರೆಗೂ ಬದುಕಬಹುದು. ರಟ್ಟು ನೋಡಿ ನಗುವವರು ಮೂರನೇ ಕ್ವಾರ್ಟರ್‌ನಲ್ಲಿ "ಅರ್ಧ ಕೊಡ್ತೀರಾ" ಅಂತ ಕೇಳುತ್ತಾರೆ. ಸ್ಟೂಡೆಂಟ್ ಸೆಕ್ಷನ್ ಆದರೆ ಕೂರುವ ಆಸೆಯನ್ನೇ ಬಿಡಿ. ಟೆಕ್ಸಸ್ ಎ ಅಂಡ್ ಎಂನಲ್ಲಂತೂ ವಿದ್ಯಾರ್ಥಿಗಳು ಪಂದ್ಯವಿಡೀ ನಿಂತೇ ಇರುವುದು ಸಂಪ್ರದಾಯ. 1922ರ ಜನವರಿ 2ರಂದು ಡಲ್ಲಾಸ್‌ನಲ್ಲಿ ಅವರ ಆಟಗಾರರು ಒಬ್ಬರ ಹಿಂದೊಬ್ಬರು ಗಾಯಗೊಂಡಾಗ ಇ. ಕಿಂಗ್ ಗಿಲ್ ಎಂಬ ವಿದ್ಯಾರ್ಥಿಯನ್ನು ಕೋಚ್ ಪ್ರೇಕ್ಷಕರ ನಡುವಿನಿಂದ ಕರೆಸಿದರು. ಆತ ಬಟ್ಟೆ ಬದಲಿಸಿ ಪಂದ್ಯ ಮುಗಿಯುವವರೆಗೂ ಅಂಚಿನಲ್ಲಿ ಸಿದ್ಧವಾಗಿ ನಿಂತ. ಇಳಿಯಬೇಕಾಗಿ ಬರಲೇ ಇಲ್ಲ, ತಂಡ 22-14ರಿಂದ ಗೆದ್ದಿತು. ಒಬ್ಬ ಸುಮ್ನೆ ನಿಂತಿದ್ದಕ್ಕೆ ನೂರು ವರ್ಷದಿಂದ ಎಲ್ಲರೂ ನಿಲ್ಲುತ್ತಿದ್ದಾರೆ. ಅವನಿಂದ ಬಂದ 'ಟ್ವೆಲ್ತ್ ಮ್ಯಾನ್', ಅಂದರೆ ಹನ್ನೆರಡನೇ ಆಟಗಾರ, ಅನ್ನುವ ಮಾತು ಅಲ್ಲಿ ದೇವರಷ್ಟೇ ದೊಡ್ಡದು.

ಈಗ ಟೇಲ್‌ಗೇಟ್. ಕಾರಿನ ಹಿಂಬಾಗಿಲು ತೆಗೆದು, ಗ್ರಿಲ್ ಹಚ್ಚಿ, ಕುರ್ಚಿ ಹಾಕಿ, ಪಂದ್ಯಕ್ಕೆ ನಾಲ್ಕೈದು ಗಂಟೆ ಮುಂಚಿನಿಂದ ತಿಂದು ಕುಡಿದು ಹರಟುವುದು. ನಿಜ ಹೇಳಬೇಕೆಂದರೆ ಅರ್ಧ ಜನ ಬರುವುದೇ ಇದಕ್ಕೆ. ಕೆಲವರು ಟಿಕೆಟ್ಟೇ ತೆಗೆದುಕೊಂಡಿರುವುದಿಲ್ಲ, ಟೆಂಟಿನಲ್ಲೇ ಟಿವಿ ಇಟ್ಟುಕೊಂಡು ನೋಡುತ್ತಾರೆ. ಪರಿಚಯದ ಯಾರಾದರೂ ಕರೆದರೆ ಬರಿಗೈಯಲ್ಲಿ ಹೋಗಬೇಡಿ, ಹೋಗುವಾಗ ಒಂದು ಚೀಲ ಐಸ್ ಒಯ್ಯಿರಿ. ಬಿಯರ್, ಚಿಪ್ಸ್ ಎಲ್ಲರೂ ತಂದಿರುತ್ತಾರೆ, ಐಸ್ ಮಾತ್ರ ಹನ್ನೊಂದು ಗಂಟೆಗೇ ಮುಗಿದಿರುತ್ತದೆ. ಐಸ್ ತಂದವರನ್ನು ಮುಂದಿನ ಸಲವೂ ಕರೆಯುತ್ತಾರೆ. ಮಾಂಸ ತಿನ್ನದವರು ವೆಜ್ ಬರ್ಗರ್ ಪ್ಯಾಕೆಟ್ಟಿನ ಜೊತೆ ಅಲ್ಯೂಮಿನಿಯಂ ಫಾಯಿಲ್ ಕೂಡ ಒಯ್ಯಿರಿ, ಗ್ರಿಲ್ ಮೇಲೆ ಫಾಯಿಲ್ ಹಾಸಿ ಬೇಯಿಸಿಕೊಡಿ ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕುಡಿಯೋಕೆ 21 ವರ್ಷ ತುಂಬಿರಬೇಕು, ಗಾಜಿನ ಬಾಟಲಿ ಬಹಳ ಕಡೆ ನಿಷೇಧ. ಕಾರ್ನ್‌ಹೋಲ್ ಆಡೋಕೆ ಕರೆದರೆ ಹೋಗಿ, ತೂತಿರುವ ಹಲಗೆಗೆ ಚಿಕ್ಕ ಚೀಲ ಎಸೆಯುವ ಆಟ ಅದು. ಎರಡು ಹಲಗೆಗಳ ನಡುವೆ 27 ಅಡಿ, ಚೀಲ ತೂತಿಗೆ ಬಿದ್ದರೆ 3 ಅಂಕ, ಹಲಗೆ ಮೇಲೆ ನಿಂತರೆ 1. ಅಷ್ಟೇ ಆಟ.

ಎಲ್ಲಾ ಕಡೆ ಟೇಲ್‌ಗೇಟ್ ಒಂದೇ ಥರ ಇರುವುದಿಲ್ಲ. ಮಿಸಿಸಿಪ್ಪಿಯ ಆಕ್ಸ್‌ಫರ್ಡ್‌ನಲ್ಲಿ 'ಗ್ರೋವ್' ಅನ್ನುವ ಮರಗಳ ತೋಪಿದೆ. ಅಲ್ಲಿ ಕಾರಿಗೆ ಪ್ರವೇಶವೇ ಇಲ್ಲ, ಆದರೆ ಟೆಂಟಿನೊಳಗೆ ಶಾಂಡೆಲಿಯರ್ ತೂಗು ಹಾಕಿ, ಮೇಜಿಗೆ ಬಿಳಿ ಬಟ್ಟೆ ಹಾಸಿ, ಮದುವೆಗೆ ಬಂದ ಹಾಗೆ ಬಟ್ಟೆ ಹಾಕಿಕೊಂಡು ಬರುತ್ತಾರೆ. ನಾಕ್ಸ್‌ವಿಲ್‌ನಲ್ಲಿ ಜನ ದೋಣಿಯಲ್ಲಿ ಬಂದು ಟೆನೆಸಿ ನದಿಯಲ್ಲೇ ಲಂಗರು ಹಾಕುತ್ತಾರೆ.

ಎಷ್ಟೇ ಚೆನ್ನಾಗಿದ್ದರೂ ಟೆಂಟಿನಿಂದ ಒಂದು ಗಂಟೆ ಮುಂಚೆ ಎದ್ದುಬಿಡಿ. ಆಟಕ್ಕೆ ಮುಂಚಿನ ಬ್ಯಾಂಡ್ ತಪ್ಪಿಸಿಕೊಂಡರೆ ಅರ್ಧ ದುಡ್ಡು ದಂಡ. ಒಹಾಯೊ ಸ್ಟೇಟ್ ಬ್ಯಾಂಡ್‌ನವರು 1936ರಿಂದ ನಡೆಯುತ್ತಾ ನಡೆಯುತ್ತಾ ಮೈದಾನದ ಮೇಲೆ 'ಒಹಾಯೊ' ಅಂತ ಕೂಡುಬರಹದಲ್ಲಿ ಬರೆಯುತ್ತಾರೆ. ಕೊನೆಗೆ ಸೂಸಫೋನ್ ಅನ್ನುವ ದೊಡ್ಡ ಹಿತ್ತಾಳೆ ವಾದ್ಯ ಹೊತ್ತ ಒಬ್ಬರು ಬೀಗುತ್ತಾ ಬಂದು ಇಂಗ್ಲಿಷಿನ 'ಐ' ಮೇಲಿನ ಚುಕ್ಕಿಯಾಗಿ ನಿಲ್ಲುತ್ತಾರೆ. ಒಂದು ಚುಕ್ಕಿಗೆ ಲಕ್ಷ ಜನ ಕಿರುಚುವುದನ್ನು ಬೇರೆಲ್ಲೂ ನೋಡಲಾರಿರಿ. ಬೋಲ್ಡರ್‌ನಲ್ಲಿ ಕೊಲರಾಡೊ ತಂಡದ ಮುಂದೆ ನಿಜವಾದ ಕಾಡೆಮ್ಮೆ ಓಡುತ್ತದೆ. ಹೆಸರು ರಾಲ್ಫಿ. ಹಗ್ಗ ಹಿಡಿದವರು ಅದನ್ನು ಓಡಿಸುತ್ತಿದ್ದಾರೋ, ಅದು ಅವರನ್ನು ಎಳೆಯುತ್ತಿದೆಯೋ ಅಂತ ಮಾತ್ರ ಕೇಳಬೇಡಿ.

ಆಟದ ನಿಯಮ ಹೋಗುವ ಮುಂಚೆ ಇಷ್ಟು ಗೊತ್ತಿದ್ದರೆ ಸಾಕು. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ, ಅದಕ್ಕೆ ಡೌನ್ ಅನ್ನುತ್ತಾರೆ. ಹತ್ತು ಗಜ ದಾಟಿದರೆ ಮತ್ತೆ ನಾಲ್ಕು. ಕೊನೆ ಮುಟ್ಟಿದರೆ ಟಚ್‌ಡೌನ್, 6 ಅಂಕ. ಆಮೇಲೆ ಒದ್ದು 1 ಅಥವಾ ಇನ್ನೊಮ್ಮೆ ನುಗ್ಗಿ 2. ಚೆಂಡನ್ನು ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್, 3. ಉಳಿದದ್ದು ನೋಡುತ್ತಾ ಬರುತ್ತದೆ.

ಇದಕ್ಕಿಂತ ಮುಖ್ಯ, ಯಾವಾಗ ಬಾಯಿ ಮುಚ್ಚಿಕೊಂಡಿರಬೇಕು ಅನ್ನುವುದು. ಚೆಂಡು ನಮ್ಮ ತಂಡದ ಕೈಯಲ್ಲಿದ್ದಾಗ ಕೂಗಬಾರದು. ನಾನು ಮೊದಲ ದಿನ ನಮ್ಮವರ ಮೂರನೇ ಡೌನ್‌ಗೆ ಗಂಟಲು ಹರಿಯುವ ಹಾಗೆ ಕೂಗಿ ಹುರಿದುಂಬಿಸಿದೆ. ಮುಂದಿನ ಸಾಲಿನ ಹೆಂಗಸು ತಿರುಗಿ ತುಟಿ ಮೇಲೆ ಬೆರಳಿಟ್ಟರು. ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಯಾವಾಗ ಶುರು ಅಂತ ಹೇಳುವ ಲೆಕ್ಕ ಉಳಿದ ಹತ್ತು ಜನಕ್ಕೆ ಕೇಳಬೇಕು. ಕೇಳದೆ ಯಾರಾದರೂ ಮುಂಚೆ ಅಲ್ಲಾಡಿದರೆ ಫಾಲ್ಸ್ ಸ್ಟಾರ್ಟ್, 5 ಗಜ ಹಿಂದಕ್ಕೆ. 2024ರಿಂದ ದೊಡ್ಡ ಕಾಲೇಜುಗಳ ಪಂದ್ಯದಲ್ಲಿ ಕೋಚ್ ಒಬ್ಬ ಆಟಗಾರನ ಹೆಲ್ಮೆಟ್ಟಿನೊಳಗೆ ರೇಡಿಯೊದಲ್ಲಿ ಮಾತಾಡಬಹುದು, ಆದರೆ ಪ್ರತಿ ಸಲ ಆಟ ಶುರುಮಾಡಲು ಕೊಡುವ ಗಡುವಿನ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಅದು ಕಟ್ಟಾಗುತ್ತದೆ. ಆಮೇಲಿನದೆಲ್ಲ ಬಾಯಿಮಾತು, ಸನ್ನೆ. ಆದ್ದರಿಂದ ಎದುರಾಳಿಯ ಮೂರನೇ ಡೌನ್ ಬಂದಾಗ ಗಂಟಲಲ್ಲಿರುವ ಶಕ್ತಿಯನ್ನೆಲ್ಲ ಹಾಕಿ ಕೂಗಿ. ಕೀಗೊಂಚಲು ಇದ್ದರೆ ಅಲ್ಲಾಡಿಸಿ. ಎದುರಾಳಿ ಆ ಗದ್ದಲಕ್ಕೇ ಫಾಲ್ಸ್ ಸ್ಟಾರ್ಟ್ ಮಾಡಿದಾಗ ಆಗುವ ಖುಷಿ ಇದೆಯಲ್ಲ, ಆ ಐದು ಗಜ ನಾವೇ ಗಳಿಸಿದ ಹಾಗೆ.

ಹಾಡು, ಘೋಷಣೆ ಬಾಯಿಪಾಠ ಬೇಡ. ಗುಂಪಿನಲ್ಲಿ ಗೋವಿಂದ ಅನ್ನಿ, ಎರಡನೇ ಪಂದ್ಯಕ್ಕೆ ತಾನಾಗಿ ಬರುತ್ತದೆ. ಹಾಫ್‌ಟೈಮ್ 20 ನಿಮಿಷ, ಆಗ ಟಾಯ್ಲೆಟ್ ಸಾಲು ನೋಡಿದರೆ ಅಳು ಬರುತ್ತದೆ. ಎರಡನೇ ಕ್ವಾರ್ಟರ್ ನಡುವೆಯೇ ಹೋಗಿ ಬನ್ನಿ, ಬ್ಯಾಂಡ್ ಕೂಡ ಸಿಗುತ್ತದೆ.

ಅಯೋವಾ ಸಿಟಿಗೆ ಹೋದರೆ ಮಾತ್ರ ಮೊದಲ ಕ್ವಾರ್ಟರ್ ಮುಗಿದಾಗ ಜಾಗ ಬಿಟ್ಟು ಏಳಬೇಡಿ. ಕಿನ್ನಿಕ್ ಸ್ಟೇಡಿಯಂ ಪಕ್ಕದಲ್ಲೇ ಮಕ್ಕಳ ಆಸ್ಪತ್ರೆ ಇದೆ, ಮೇಲಿನ ಮಹಡಿಯ ಕಿಟಕಿಗಳಿಂದ ಮೈದಾನ ಪೂರ್ತಿ ಕಾಣುತ್ತದೆ. 2017ರಿಂದ ಆ ಹೊತ್ತಿಗೆ ಸ್ಟೇಡಿಯಂನಲ್ಲಿ ಇದ್ದವರೆಲ್ಲ, ಎದುರಾಳಿ ತಂಡ, ಅಂಪೈರುಗಳು ಸೇರಿ, ತಿರುಗಿ ಮೇಲೆ ನೋಡುತ್ತಾ ಕೈ ಬೀಸುತ್ತಾರೆ. ಮೇಲಿಂದ ಮಕ್ಕಳೂ ಬೀಸುತ್ತಾರೆ. ರಾತ್ರಿ ಪಂದ್ಯವಾದರೆ ಫೋನಿನ ದೀಪ ಹಚ್ಚಿ ಎತ್ತುತ್ತಾರೆ. ನನ್ನ ಪಕ್ಕ ನಿಂತಿದ್ದ, ಅಲ್ಲಿಯವರೆಗೆ ರೆಫ್ರಿಗೆ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದ ದಾಂಡಿಗ ಟೋಪಿ ತೆಗೆದು ಅದನ್ನೇ ಬೀಸುತ್ತಿದ್ದ. ಒಂದೆರಡು ನಿಮಿಷ, ಆಮೇಲೆ ಮತ್ತೆ ಬೈಗುಳ.

ಗೆದ್ದರೆ ಒಂದೊಂದು ಊರಿಗೆ ಒಂದೊಂದು ಚಾಳಿ. ಆಬರ್ನ್‌ನಲ್ಲಿ ಟೂಮರ್ಸ್ ಕಾರ್ನರ್ ಅನ್ನುವ ವೃತ್ತಕ್ಕೆ ಹೋಗಿ ಓಕ್ ಮರಗಳ ಮೇಲೆ ಟಾಯ್ಲೆಟ್ ಪೇಪರ್ ಎಸೆಯುತ್ತಾರೆ. 2010ರಲ್ಲಿ ಅಲಬಾಮಾ ತಂಡದ ಅಭಿಮಾನಿಯೊಬ್ಬ ಆ ಹಳೆಯ ಮರಗಳಿಗೆ ವಿಷ ಹಾಕಿದ. 2013ರಲ್ಲಿ ಕಡಿಯಬೇಕಾಯಿತು, ಆಮೇಲೆ ಹೊಸ ಓಕ್ ನೆಟ್ಟರು. ಅನಿರೀಕ್ಷಿತವಾಗಿ ದೊಡ್ಡ ತಂಡವನ್ನು ಸೋಲಿಸಿದರೆ ಜನ ಮೈದಾನಕ್ಕೆ ನುಗ್ಗುತ್ತಾರೆ. ಹಾಗೆ ನುಗ್ಗಿದರೆ ಎಸ್‌ಇಸಿ ಅನ್ನುವ ದಕ್ಷಿಣದ ದೊಡ್ಡ ಕಾಲೇಜುಗಳ ಕೂಟದಲ್ಲಿ ಕಾಲೇಜಿಗೆ 5 ಲಕ್ಷ ಡಾಲರ್ ದಂಡ ಬೀಳಬಹುದು. ನೀವು ಇಳಿಯಲೇಬೇಕು ಅಂದರೆ ಮೊದಲ ಅಲೆಯಲ್ಲಿ ಬೇಡ, ಗೋಡೆಯಿಂದ ಹಾರಿ ಕಾಲು ಮುರಿದುಕೊಳ್ಳುವವರು ಅವರೇ. ಗೋಲ್‌ಪೋಸ್ಟ್ ಕೆಳಗೆ ಮಾತ್ರ ನಿಲ್ಲಬೇಡಿ, ಅದು ಬೀಳುತ್ತದೆ.

ಸೋತರೂ ಎದ್ದು ಓಡಬೇಡಿ. ಎಷ್ಟೋ ಕಡೆ ಆಟಗಾರರು ಸ್ಟೂಡೆಂಟ್ ಸೆಕ್ಷನ್ ಮುಂದೆ ಬಂದು ನಿಂತು, ಎಲ್ಲರ ಜೊತೆ ಕಾಲೇಜಿನ ಹಾಡು ಹಾಡಿಯೇ ಹೋಗುವುದು. ಓಡಿ ಹೋಗಿ ಮಾಡುವುದಾದರೂ ಏನು? ರಸ್ತೆ ಒಂದೂವರೆ ಗಂಟೆ ಅಲ್ಲಾಡುವುದಿಲ್ಲ. ಬೆಳಗಿನ ಟೆಂಟಿಗೇ ವಾಪಸ್ ಹೋಗಿ, ಗ್ರಿಲ್ ಇನ್ನೂ ಬಿಸಿ ಇರುತ್ತದೆ. ನಾನು ಆ ರಾತ್ರಿ ಹೋಗಿದ್ದೂ ಅಲ್ಲಿಗೇ. ಅಜ್ಜ ಮಿಕ್ಕ ಬನ್ನು ಪೊಟ್ಟಣ ಕಟ್ಟಿಕೊಟ್ಟು, ತಮ್ಮ ಟ್ರಕ್ಕಿನಲ್ಲೇ ನನ್ನನ್ನು ಕಾರು ಬಿಡಿಸಿಕೊಳ್ಳಲು ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಮಾತಾಡಿದ್ದು ಮಾತ್ರ ನನ್ನ ಕೆಂಪು ಶರ್ಟಿನ ಬಗ್ಗೆ.