ನೋಡಿದ ದಿನವೇ ಚಿಕಿತ್ಸೆ

‘ಮುಂದಿನ ವಾರ ಜಿಲ್ಲಾಸ್ಪತ್ರೆಗೆ ಹೋಗಿ’ ಎಂದು ಚೀಟಿ ಬರೆದುಕೊಟ್ಟರೆ ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ಬಹಳಷ್ಟು ಜನ ಹೋಗುವುದಿಲ್ಲ. ಯಾದಗಿರಿ ಜಿಲ್ಲೆಯ ಹಳ್ಳಿಗಳಲ್ಲಿ ಗರ್ಭಕಂಠದ ಕ್ಯಾನ್ಸರಿನ ತಪಾಸಣೆ ಮಾಡುವ ವೈದ್ಯೆಯಾಗಿ ನಾನು ಮೊದಲು ಅರಿತದ್ದು ಇದನ್ನೇ. ಹತ್ತಿ ಬಿಡಿಸುವ ದಿನಗಳಲ್ಲಿ ಕೂಲಿ ಬಿಡಲಾಗದು, ಬಸ್ಸು ಬೆಳಿಗ್ಗೆ ಒಂದೇ, ಜೊತೆಗೆ ಬರುವವರಿಲ್ಲ. ಸುಗ್ಗಿ ಮುಗಿಯಿತೆಂದರೆ ಮನೆಮಂದಿಯೆಲ್ಲ ಬೆಂಗಳೂರಿಗೆ ಗುಳೆ ಹೊರಡುತ್ತಾರೆ. ಆದ್ದರಿಂದ ಎಲ್ಲಿ ಪರೀಕ್ಷೆಯೋ ಅಲ್ಲೇ, ಅದೇ ದಿನವೇ ಚಿಕಿತ್ಸೆ ಎಂಬ ಕ್ರಮವನ್ನು ನಾವು ಹಿಡಿದೆವು.

ಇದು ಸಾಧ್ಯವಾಗಲು ರೋಗದ ಸ್ವಭಾವವೇ ಕಾರಣ. ಈ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ಎಂಬ ವೈರಸ್ಸಿನ ಸೋಂಕು ಹಲವರಲ್ಲಿ ತಾನಾಗಿ ಹೋಗುತ್ತದೆ. ಉಳಿದುಕೊಂಡರೂ ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಆ ನಡುವಿನ ಹಂತದಲ್ಲಿ ಕೆಟ್ಟ ಜೀವಕೋಶಗಳು ಮೇಲ್ಪದರದಲ್ಲೇ ಇರುತ್ತವೆ, ನೋವಿಲ್ಲ, ರಕ್ತಸ್ರಾವವಿಲ್ಲ. ‘ನನಗೇನೂ ತೊಂದರೆ ಇಲ್ಲವಲ್ಲ ಅಕ್ಕ, ಪರೀಕ್ಷೆ ಏಕೆ?’ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ‘ತೊಂದರೆ ಇಲ್ಲದಾಗಲೇ ಇದನ್ನು ಪೂರ್ತಿ ತೆಗೆಯಬಹುದು ಅವ್ವ.’

ಬೇಕಾದ ಸಾಮಗ್ರಿ ಕಡಿಮೆ. ಮರೆಯಾದ ಒಂದು ಕೋಣೆ, ಒಳ್ಳೆಯ ಬೆಳಕು, ಯೋನಿಯನ್ನು ಅಗಲಿಸಿ ಒಳಗೆ ನೋಡಲು ಶುದ್ಧ ಸ್ಪೆಕ್ಯುಲಮ್, ಅಂದೇ ತಯಾರಿಸಿದ ಶೇ 5ರ ಅಸಿಟಿಕ್ ಆಮ್ಲ (ವಿನೆಗರಿನಲ್ಲಿರುವ ಆಮ್ಲ). ಹತ್ತಿಯಲ್ಲಿ ಅದನ್ನು ಗರ್ಭಕಂಠಕ್ಕೆ ಹಚ್ಚಿ ಒಂದು ನಿಮಿಷ ಕಾಯಬೇಕು. ಆತುರದಲ್ಲಿ ಅರ್ಧ ನಿಮಿಷಕ್ಕೇ ನೋಡಿದರೆ ಬಿಳಿ ಮಚ್ಚೆ ಮೂಡಿಯೇ ಇರುವುದಿಲ್ಲ. ಅಂಚು ಸ್ಪಷ್ಟವಾದ, ದಟ್ಟವಾದ ಬಿಳಿ ಮಚ್ಚೆ ಕಂಡರೆ ಅದು ಪಾಸಿಟಿವ್. ಉರಿಯೂತದಿಂದಲೂ ಮಂಕಾದ ಬಿಳಿ ಬರುತ್ತದೆ. ಅದನ್ನು ಬೇರ್ಪಡಿಸಿ ನೋಡುವ ಕಣ್ಣು ಅಭ್ಯಾಸದಿಂದಲೇ ಬರಬೇಕು. ಮುಟ್ಟು ನಿಂತ ಮೇಲೆ ನೋಡಬೇಕಾದ ಭಾಗ ಒಳಗೆ ಸರಿಯುವುದರಿಂದ ಹಿರಿಯ ಮಹಿಳೆಯರಲ್ಲಿ ಈ ವಿಧಾನವನ್ನು ನಾನು ನೆಚ್ಚುವುದಿಲ್ಲ.

ಮಚ್ಚೆಯನ್ನು ಅಲ್ಲೇ ಸುಟ್ಟು ತೆಗೆಯಬಹುದೇ ಎಂಬ ಮುಂದಿನ ತೀರ್ಮಾನವೇ ಇಡೀ ಕೆಲಸದ ಜೀವಾಳ. ಮಚ್ಚೆ ಪೂರ್ತಿ ಕಾಣಬೇಕು, ಗರ್ಭಕಂಠದ ನಾಳದೊಳಗೆ ಹೋಗಿರಬಾರದು, ಮುಕ್ಕಾಲು ಭಾಗಕ್ಕಿಂತ ಹೆಚ್ಚು ಹರಡಿರಬಾರದು. ಮುಟ್ಟಿದರೆ ರಕ್ತ ಬರುವ, ಗಡ್ಡೆಯಂತೆ ಬೆಳೆದ ಭಾಗವಿದ್ದರೆ ಕ್ಯಾನ್ಸರಿನ ಶಂಕೆ. ಅದನ್ನು ಸುಡಲೇಬಾರದು, ಬಯಾಪ್ಸಿ (ಚೂರು ತೆಗೆದು ಪರೀಕ್ಷೆ) ಆಗಬೇಕು. ಗರ್ಭಿಣಿಯಾಗಿದ್ದರೂ ಸುಡುವ ಚಿಕಿತ್ಸೆ ಮುಂದಕ್ಕೆ. ದೊಡ್ಡ ಆಸ್ಪತ್ರೆಗೆ ಕಳಿಸಬೇಕಾದವರ ಜೊತೆ ಆಶಾ ಕಾರ್ಯಕರ್ತೆಯನ್ನೇ ಕಳಿಸುತ್ತೇವೆ. ಬರಿಯ ಚೀಟಿಯ ಮೇಲೆ ನನಗೆ ನಂಬಿಕೆಯಿಲ್ಲ.

ಮೊದಲು ಕ್ರಯೋಥೆರಪಿ, ಅಂದರೆ ಅತಿ ಶೀತದಿಂದ ಕೆಟ್ಟ ಪದರವನ್ನು ನಾಶಮಾಡುವ ಚಿಕಿತ್ಸೆ, ಮಾಡುತ್ತಿದ್ದೆವು: ಮೂರು ನಿಮಿಷ ಹೆಪ್ಪುಗಟ್ಟಿಸಿ, ಐದು ನಿಮಿಷ ಬಿಟ್ಟು, ಮತ್ತೆ ಮೂರು ನಿಮಿಷ. ವಿಧಾನ ಚೆನ್ನಾಗಿದೆ, ಆದರೆ ಅನಿಲದ ಸಿಲಿಂಡರ್ ಹೊತ್ತು ಹಳ್ಳಿಗೆ ಹೋಗುವುದು, ತುಂಬಿಸಿ ತರುವುದು ದೊಡ್ಡ ಪಾಡು. ಬ್ಯಾಟರಿಯಿಂದ ನಡೆಯುವ, ಕೈಯಲ್ಲಿ ಹಿಡಿಯುವ ಥರ್ಮಲ್ ಅಬ್ಲೇಷನ್ (ಕಾವಿನಿಂದ ಸುಡುವ) ಸಾಧನ ಬಂದ ಮೇಲೆ ಕೆಲಸದ ಸ್ವರೂಪವೇ ಬದಲಾಯಿತು. ತುದಿ 100 ಡಿಗ್ರಿ ಸೆಲ್ಸಿಯಸ್‌ಗೆ ಕಾಯುತ್ತದೆ. ಒಂದು ಸಲಕ್ಕೆ 20ರಿಂದ 30 ಸೆಕೆಂಡ್ ಒತ್ತಿ ಹಿಡಿದು, ಸ್ಥಳ ಬದಲಿಸಿ ಮಚ್ಚೆಯಿರುವ ಭಾಗವನ್ನೆಲ್ಲ ಮುಗಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. ಹೆಚ್ಚಿನವರಿಗೆ ಅರಿವಳಿಕೆ ಬೇಡ. ಮುಟ್ಟಿನ ನೋವಿನಂತೆ ಕೆಳಹೊಟ್ಟೆ ಹಿಂಡುತ್ತದೆ ಎಂದು ಮೊದಲೇ ಹೇಳುತ್ತೇನೆ, ನರ್ಸ್ ಕೈ ಹಿಡಿದು ನಿಲ್ಲುತ್ತಾರೆ.

ತರಬೇತಿ ಪಡೆದ ನರ್ಸ್‌ಗಳು ಈ ಕೆಲಸವನ್ನು ಚೆನ್ನಾಗಿ ಮಾಡಬಲ್ಲರು. ತಮಿಳುನಾಡಿನ ದಿಂಡಿಗಲ್‌ನಲ್ಲಿ ನರ್ಸ್‌ಗಳೇ ಆಮ್ಲ ಹಚ್ಚಿ ತಪಾಸಣೆ ಮಾಡಿದ, 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಕ್ಯಾನ್ಸರಿನ ಸಾವು ಶೇ 35ರಷ್ಟು ತಗ್ಗಿತ್ತು. ವೈದ್ಯರಿಗಾಗಿ ಕಾಯುತ್ತ ಕೂತರೆ ನಮ್ಮ ತಾಲ್ಲೂಕುಗಳಲ್ಲಿ ಏನೂ ನಡೆಯದು.

ಚಿಕಿತ್ಸೆಯ ನಂತರದ ಮಾತುಗಳನ್ನು ಗಂಡನಿಗೋ ಅತ್ತೆಗೋ ಹೇಳಬೇಕೇ ಎಂದು ಮೊದಲು ಆಕೆಯನ್ನೇ ಕೇಳುತ್ತೇನೆ. ಕೆಲವು ವಾರ ನೀರಿನಂಥ ಬಿಳಿಸೆರಗು ಹೋಗುತ್ತದೆ, ಅದು ಸಹಜ. ನಾಲ್ಕು ವಾರ ಗಂಡನೊಂದಿಗೆ ಸೇರಬಾರದು. ಜ್ವರ, ದುರ್ವಾಸನೆ, ಹೆಚ್ಚು ರಕ್ತಸ್ರಾವ ಕಂಡರೆ ತಕ್ಷಣ ಬರಬೇಕು. ಸೇರಬಾರದೆಂಬ ಮಾತನ್ನು ತಾವೇ ಗಂಡನಿಗೆ ಹೇಳಲು ಹಲವರು ಅಂಜುತ್ತಾರೆ. ಆಕೆ ಒಪ್ಪಿದರೆ ಗಂಡನನ್ನು ಕರೆಸಿ ನಾನೇ ಹೇಳುತ್ತೇನೆ.

ಒಂದು ವರ್ಷಕ್ಕೆ ಮರುತಪಾಸಣೆ ಆಗಲೇಬೇಕು. ಗುಳೆ ಹೋದವರು ಊರ ಜಾತ್ರೆಗೆ ತಪ್ಪದೆ ಬರುತ್ತಾರೆ. ಅದಕ್ಕಾಗಿ ಆ ಶಿಬಿರವನ್ನು ತೇರು ಎಳೆದ ಮರುದಿನವೇ ಇಡುತ್ತೇವೆ.