ಹೂ ಮರೆತ ಹಳೇ ಬೋಗನ್‌ವಿಲ್ಲಾ ಮತ್ತೆ ಅರಳಿದ್ದು ಹೀಗೆ

ನನ್ನ ಕೈಗೆ ಬಂದಾಗಲೇ ಈ ಬೋಗನ್‌ವಿಲ್ಲಾ ಬಳ್ಳಿಗೆ ವಯಸ್ಸಾಗಿತ್ತು. ಬುಡ ತೋಳಿನಷ್ಟು ದಪ್ಪ. ಗೋಡೆ ತುಂಬ ಕಡು ಹಸಿರು ಎಲೆ, ಆದರೆ ಒಂದೇ ಒಂದು ಹೂವಿಲ್ಲ. ರೋಗವೇನೂ ಇರಲಿಲ್ಲ. ಪಕ್ಕದ ಹುಲ್ಲುಹಾಸಿಗೆ ಹಾಕುವ ನೀರು, ಗೊಬ್ಬರ ಎಲ್ಲ ಇದರ ಬೇರಿಗೂ ಸಿಗುತ್ತಿತ್ತು. ಹುಲ್ಲಿನ ಗೊಬ್ಬರದಲ್ಲಿ ಸಾರಜನಕ ಜಾಸ್ತಿ ಅಲ್ವಾ, ಅದು ಸೊಪ್ಪು ಬೆಳೆಸುತ್ತದೆ ಅಷ್ಟೇ.

ಮೊದಲು ಬಿಸಿಲಿಗೆ ದಾರಿ ಮಾಡಿದೆ. ಮೇಲೆ ಬಾಗಿದ್ದ ಮರದ ಕೊಂಬೆಗಳನ್ನು ತೆಗೆಸಿದೆ. ದಿನಕ್ಕೆ 6 ಗಂಟೆ ನೇರ ಬಿಸಿಲು ಬೀಳದಿದ್ದರೆ ಬೇರೆ ಏನು ಮಾಡಿದರೂ ಸುಮ್ನೆ ಶ್ರಮ.

ಆಮೇಲೆ ಕತ್ತರಿ ಹಿಡಿದೆ. ಈ ಬಳ್ಳಿ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಒಣಗಿದ್ದು, ಒಳಗೆ ಹೆಣೆದುಕೊಂಡಿದ್ದು, ಬುಡದಿಂದ ನೆಟ್ಟಗೆ ಏಳುವ ಉದ್ದುದ್ದ ಚಿಗುರು, ಎಲ್ಲ ತೆಗೆದೆ. ಉಳಿದ ಕೊಂಬೆಗಳನ್ನು ಮೂರನೇ ಒಂದು ಭಾಗದಷ್ಟು ಮೊಟಕು ಮಾಡಿದೆ. ದಪ್ಪ ಕೈಗವಸು ಬೇಕೇ ಬೇಕು.

ಆ ಮುಳ್ಳನ್ನು ಒಮ್ಮೆ ಹತ್ತಿರದಿಂದ ನೋಡಿ. ಎಲೆ ಕಾಂಡಕ್ಕೆ ಸೇರುವ ಸಂದಿಯಲ್ಲಿ ಹುಟ್ಟುತ್ತದೆ. ಹೂಗೊಂಚಲು ಹುಟ್ಟುವುದೂ ಅಲ್ಲೇ! ಹೂವಾಗಬೇಕಿದ್ದದ್ದೇ ಮುಳ್ಳಾಗಿರುತ್ತದೆ. ನೀರು ಗೊಬ್ಬರ ಕುಡಿದು ಬಿರುಸಾಗಿ ಬೆಳೆದ ಚಿಗುರಿನಲ್ಲಿ ಮುಳ್ಳೇ ಹೆಚ್ಚು. ಇದು ಗೊತ್ತಾದ ಮೇಲೆ ಗಿಡದ ಬೆಳವಣಿಗೆಗೆ ಕಡಿವಾಣ ಹಾಕಲು ನನಗೆ ಧೈರ್ಯ ಬಂತು.

ಹುಲ್ಲಿನ ನೀರು ಇತ್ತ ಹರಿಯದಂತೆ ಮಾಡಿದೆ. ಎಲೆ ಸ್ವಲ್ಪ ಜೋತು ಬಿದ್ದಾಗ ಮಾತ್ರ ಬುಡ ಚೆನ್ನಾಗಿ ನೆನೆಯುವಷ್ಟು ನೀರು, ಮತ್ತೆ ಮಣ್ಣು ಒಣಗುವ ತನಕ ಇಲ್ಲ. ನೋಡುವಾಗ ಪಾಪ ಅನ್ನಿಸುತ್ತದೆ, ಆದರೂ ತಡೆಯಬೇಕು. ಚಿಗುರು ಬಂದ ಮೇಲೆ ಸ್ವಲ್ಪ ಪೊಟ್ಯಾಶ್ ಕೊಟ್ಟೆ. ಬುಡ ಮಾತ್ರ ಕೆದಕಲಿಲ್ಲ, ಇದರ ಬೇರು ತುಂಬ ಸೂಕ್ಷ್ಮ.

ಹೊಸ ಕೊಂಬೆಗಳನ್ನು ಅಡ್ಡಕ್ಕೆ ಬಾಗಿಸಿ ತಂತಿಗೆ ಕಟ್ಟಿದೆ. ನೆಟ್ಟಗೆ ಬಿಟ್ಟರೆ ತುದಿಯೊಂದೇ ಓಡುತ್ತದೆ. ಮಲಗಿಸಿದರೆ ಗೆಣ್ಣು ಗೆಣ್ಣಿನಲ್ಲೂ ಕವಲು ಒಡೆಯುತ್ತದೆ. ಕುಡಿ ಚಿವುಟಿದರೆ ಇನ್ನಷ್ಟು.

ವಾರಗಳು ಕಳೆದ ಮೇಲೆ ಕವಲುಗಳ ತುದಿಯಲ್ಲಿ ಪುಟ್ಟ ಪುಟ್ಟ ಗೊಂಚಲು ಕಂಡವು. ಮೂರು ಮೂರು ಎಲೆಗಳ ಗುಂಪು, ಮೊದಲು ಹಸಿರು, ಬರಬರುತ್ತಾ ಗಾಢ ಗುಲಾಬಿ. ನಾವು ಹೂ ಅನ್ನುವುದು ಈ ಬಣ್ಣದ ಎಲೆಗಳನ್ನೇ. ನಿಜವಾದ ಹೂ ಅವುಗಳ ನಡುವೆ ಸಣ್ಣ ಬಿಳಿ ಕೊಳವೆಯ ಹಾಗೆ ಇರುತ್ತದೆ. ಅದನ್ನು ಕಂಡ ದಿನ ಎಷ್ಟು ಖುಷಿಯಾಯಿತು!

ಈಗ ಒಂದು ಸುತ್ತು ಹೂ ಉದುರಿದ ಕೂಡಲೇ ಆ ತುದಿಗಳನ್ನು ಸವರುತ್ತೇನೆ. ಹಗಲು ಚಿಕ್ಕದಾಗುವ ತಿಂಗಳುಗಳಲ್ಲಿ ಹೂ ಹೆಚ್ಚು. ಅದಕ್ಕೆ ದೊಡ್ಡ ಕತ್ತರಿ ಕೆಲಸವನ್ನೆಲ್ಲ ಅದಕ್ಕಿಂತ ಮುಂಚೆಯೇ ಮುಗಿಸಿಕೊಳ್ಳುತ್ತೇನೆ.