ಎರಡು ಕಂಡೆನ್ಸರಿನ ಗುಮಟೆ

ಕಾರವಾರದ ಒಂದು ಆರ್ಕೆಸ್ಟ್ರಾದವರು ಹಳೇ ಸಾಮಾನೆಲ್ಲ ಮಾರಿ ಮುಗಿಸುತ್ತಿದ್ದರು. ಅಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರು ಒಂದು ಪುಟ್ಟ ಪೆಟ್ಟಿಗೆ ಹಿಡಿದುಕೊಂಡು ಕುಮಟಾದ ನನ್ನ ರಿಪೇರಿ ಅಂಗಡಿಗೆ ಬಂದರು. "ಇಪ್ಪತ್ತು ವರ್ಷದಿಂದ ಸದ್ದೇ ಇಲ್ಲ ಇದಕ್ಕೆ. ಗುಜರಿಗೆ ಹಾಕಲಿಕ್ಕೆ ಮನಸ್ಸು ಬರ್ಲಿಲ್ಲ, ನಿಮ್ಮ ಹತ್ರ ಇರ್ಲಿ" ಅಂದರು. ಅವರು ಅದನ್ನು ಕರೆಯುತ್ತಿದ್ದದ್ದು ರಿದಮ್ ಬಾಕ್ಸ್ ಅಂತ. ಡ್ರಮ್ ಬಾರಿಸುವವರು ಬಾರದ ದಿನ ಎಷ್ಟೋ ಕಾರ್ಯಕ್ರಮವನ್ನು ಅದೇ ದಾಟಿಸಿತ್ತಂತೆ.

ಮೇಲೆ ಬರೆದಿದ್ದದ್ದು ಬಾಸ್ ಡಿಆರ್-55, ಡಾಕ್ಟರ್ ರಿದಮ್. 1979ರಲ್ಲಿ ಬಂದ ಜಪಾನಿನ ಸಾಮಾನು. ಹಿಂದಿನ ಮುಚ್ಚಳ ತೆಗೆದರೆ ಯಾರೋ ಮರೆತುಬಿಟ್ಟ ನಾಲ್ಕು ಪೆನ್ಸಿಲ್ ಸೆಲ್ಲುಗಳು ಸೋರಿ, ಪಿಸಿಬಿಯ, ಅಂದರೆ ಒಳಗಿನ ಸರ್ಕ್ಯೂಟ್ ಬೋರ್ಡಿನ, ಒಂದು ಮೂಲೆಯನ್ನು ತಿಂದು ಹಾಕಿದ್ದವು. ತಾಮ್ರದ ಗೆರೆಗಳ ಮೇಲೆಲ್ಲ ಹಸಿರು ಹುಡಿ. ಕರಾವಳಿಯಲ್ಲಿ ಈ ಕೆಲಸ ಮಾಡುವವರಿಗೆ ಆ ಹಸಿರು ದಿನಾ ಕಾಣುವಂಥದ್ದೇ. ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಯಾವ ಬೋರ್ಡೂ ಇಲ್ಲಿ ಹೊಸದಾಗಿ ಉಳಿಯುವುದಿಲ್ಲ. ಹಳೇ ಟೂತ್‌ಬ್ರಷ್ಷಲ್ಲಿ ತಿಕ್ಕಿ ತೊಳೆದೆ. ತುಂಡಾದ ಮೂರು ಗೆರೆಗಳಿಗೆ ತೆಳು ವಯರ್ ಎಳೆದು ಬೆಸುಗೆ ಹಾಕಿದೆ. ಉಬ್ಬಿದ ಕಂಡೆನ್ಸರ್ (ಚಾರ್ಜ್ ಹಿಡಿದಿಡುವ ಬಿಡಿಭಾಗ) ಬದಲಾಯಿಸಿದೆ. ಮೂರನೇ ದಿನ ಸಂಜೆ ಆಂಪ್ಲಿಫೈಯರಿಗೆ ಜೋಡಿಸಿ ಒತ್ತಿದಾಗ ಒಳಗಿಂದ ಸದ್ದು ಬಂತು. ನಾಲ್ಕೇ ನಾಲ್ಕು ಸದ್ದು: ಬೇಸ್ ಡ್ರಮ್, ಸ್ನೇರ್ ಅನ್ನುವ ಸಣ್ಣ ಡ್ರಮ್, ಅಂಚಿನ ಪೆಟ್ಟಿನ ರಿಮ್‌ಶಾಟ್, ಹೈ-ಹ್ಯಾಟ್ ಅನ್ನುವ ಜೋಡಿ ತಾಳ. ನಿಜವಾದ ಡ್ರಮ್ಮಿನ ಹಾಗೆ ಒಂದೂ ಇರಲಿಲ್ಲ. ಆದರೂ ನಾನು ಅಂಗಡಿ ಬಾಗಿಲು ಎಳೆಯದೆ ಒಂದು ಗಂಟೆ ಅದನ್ನೇ ಕೇಳುತ್ತ ಕೂತೆ.

ಮತ್ತೆ ಬಿಚ್ಚಿ ನೋಡಿದೆ. ಸದ್ದನ್ನು ಎಲ್ಲಿ ತುಂಬಿಟ್ಟಿದ್ದಾರೆ ಅಂತ ಹುಡುಕಿದೆ. ಮೆಮೊರಿ ಐಸಿ, ಅಂದರೆ ನೆನಪಿಟ್ಟುಕೊಳ್ಳುವ ಚಿಪ್ ಇತ್ತು, ಆದರೆ ಅದರಲ್ಲಿದ್ದದ್ದು ಯಾವ ಹೊತ್ತಿಗೆ ಹೊಡೆಯಬೇಕು ಅನ್ನುವ ಲೆಕ್ಕ ಮಾತ್ರ. ಸದ್ದು ಎಲ್ಲೂ ಇಟ್ಟಿರಲಿಲ್ಲ. ಒಂದಷ್ಟು ಟ್ರಾನ್ಸಿಸ್ಟರ್, ಕರೆಂಟ್ ತಡೆಯುವ ರೆಸಿಸ್ಟರ್, ಕಂಡೆನ್ಸರ್ ಸೇರಿ ಪ್ರತಿ ಪೆಟ್ಟಿಗೂ ಹೊಸದಾಗಿ ಸದ್ದು ಹುಟ್ಟಿಸುತ್ತಿದ್ದವು. ದೇವಸ್ಥಾನದ ಗಂಟೆಯ ಒಳಗೆ ಸದ್ದು ಇರುತ್ತದಾ? ಇಲ್ಲ ಅಲ್ವಾ. ನಾಲಗೆ ಬಡಿದಾಗ ಹುಟ್ಟಿ, ಮೆಲ್ಲಗೆ ಆರುತ್ತದೆ. ಇದೂ ಹಾಗೇ. ಅಂಥದ್ದೊಂದನ್ನು ನನ್ನ ಕೈಯಲ್ಲೇ ಕಟ್ಟಬೇಕು ಅಂತ ಅವತ್ತೇ ಅನ್ನಿಸಿತು.

ಕಟ್ಟುವ ಮೊದಲು ಈ ಯಂತ್ರಗಳ ಹಿಂದಿನ ಕಥೆ ಓದಿಕೊಂಡೆ. ಅಮೆರಿಕದ ವುರ್ಲಿಟ್ಜರ್ ಕಂಪನಿ 1959ರಲ್ಲಿ ಸೈಡ್‌ಮನ್ ಅಂತ ಒಂದು ಯಂತ್ರ ಮಾರಿತ್ತು. ಒಳಗೆ ತಿರುಗುವ ಒಂದು ತಟ್ಟೆ, ಸದ್ದು ಹುಟ್ಟಿಸಲು ಹಳೇ ರೇಡಿಯೋದಲ್ಲಿದ್ದಂಥ ಗಾಜಿನ ವಾಲ್ವ್‌ಗಳು. ಮನೆಯಲ್ಲಿ ಆರ್ಗನ್ ನುಡಿಸುವವರಿಗೆ ಜೊತೆಯಾಗಲಿ ಅಂತ ಮಾಡಿದ್ದು. ಜಪಾನಿನಲ್ಲಿ ಇಕುಟಾರೊ ಕಾಕೆಹಾಶಿ ಅನ್ನುವವರು ಏಸ್ ಟೋನ್ ಕಂಪನಿಯಿಂದ 1967ರಲ್ಲಿ ಟ್ರಾನ್ಸಿಸ್ಟರಿನ ರಿದಮ್ ಏಸ್ ತಂದರು. ಅದರಲ್ಲಿ ವಾಲ್ಟ್ಸ್, ರುಂಬಾ ಎಲ್ಲ ಮೊದಲೇ ಹಾಕಿಟ್ಟಿದ್ದರು, ಬಟನ್ ಒತ್ತಿದರೆ ಸಾಕು. 1972ರಲ್ಲಿ ಅವರೇ ರೋಲ್ಯಾಂಡ್ ಕಂಪನಿ ಶುರು ಮಾಡಿದರು. 1978ರ ಸಿಆರ್-78ರಲ್ಲಿ ನಮ್ಮ ತಾಳವನ್ನು ನಾವೇ ಬರೆದು ಇಡಬಹುದಿತ್ತು. 1980ರಲ್ಲಿ ಬಂತು ಟಿಆರ್-808.

808ರ ಕಥೆ ಕೇಳಿದರೆ ನನಗೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಅದೇ ವರ್ಷ ಅಮೆರಿಕದಲ್ಲಿ ರೋಜರ್ ಲಿನ್ ಅವರ ಎಲ್‌ಎಂ-1 ಬಂತು. ಅದರಲ್ಲಿ ನಿಜವಾದ ಡ್ರಮ್ಮಿನ ಸದ್ದನ್ನೇ ರೆಕಾರ್ಡ್ ಮಾಡಿ ಚಿಪ್ಪಿನಲ್ಲಿ ಕೂರಿಸಿದ್ದರು. ಬೆಲೆ ಸುಮಾರು 5,000 ಡಾಲರ್. 808ಕ್ಕೆ 1,195 ಡಾಲರ್. ಆದರೂ ಸದ್ದು ಡ್ರಮ್ಮಿನ ಹಾಗಿಲ್ಲ ಅಂತ ಜನ ಅದನ್ನು ಜಾಸ್ತಿ ಕೊಳ್ಳಲಿಲ್ಲ. ಸುಮಾರು 12,000 ಪೆಟ್ಟಿಗೆ ಮಾಡಿ 1983ರಲ್ಲಿ ನಿಲ್ಲಿಸಿದರು. ಆಮೇಲೆ ಅವು ಹಳೇ ಸಾಮಾನಿನ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗತೊಡಗಿದವು. ಕೈಯಲ್ಲಿ ದುಡ್ಡಿಲ್ಲದ ಹುಡುಗರು ಕೊಂಡರು. ಹಿಪ್-ಹಾಪ್, ಟೆಕ್ನೋ ಎಲ್ಲ ಬೆಳೆದದ್ದು ಇಂಥ ಪೆಟ್ಟಿಗೆಗಳ ಮೇಲೆ. ನಮ್ಮವರೂ ಇದ್ದಾರೆ ಈ ಕಥೆಯಲ್ಲಿ. ಮುಂಬೈಯ ಸಿನಿಮಾ ಸಂಗೀತದಲ್ಲಿ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲೇ 808 ಇಟ್ಟುಕೊಂಡು ರಾಗಗಳನ್ನು ನುಡಿಸಿ ಒಂದು ರೆಕಾರ್ಡ್ ಮಾಡಿದ್ದರು. ಆಗ ಅದನ್ನು ಕೇಳಿದವರು ಕಡಿಮೆ. ಎಷ್ಟೋ ವರ್ಷದ ಮೇಲೆ ಹೊರದೇಶದವರು ಹುಡುಕಿಕೊಂಡು ಬಂದರು.

808ರ ಸರ್ಕ್ಯೂಟ್ ನಕ್ಷೆ ಸಿಕ್ಕಿತು. ಬೇಸ್ ಡ್ರಮ್ಮಿನ ಜೀವ ಇರುವುದು ಅಂಗೈಯಲ್ಲಿ ಹಿಡಿಯುವಷ್ಟು ಸಾಮಾನಿನಲ್ಲಿ. ಎರಡು ಕಂಡೆನ್ಸರ್ ಸಾಲಾಗಿ. ಅವೆರಡರ ನಡುವಿನಿಂದ ಗ್ರೌಂಡಿಗೆ ಒಂದು ರೆಸಿಸ್ಟರ್. ಎರಡನ್ನೂ ದಾಟಿ ಸಂಕ (ಕಾಲುಸೇತುವೆ) ಹಾಕಿದ ಹಾಗೆ ಮೇಲಿಂದ ಇನ್ನೊಂದು ರೆಸಿಸ್ಟರ್. ಇಷ್ಟನ್ನು ಆಪ್-ಆಂಪ್ ಅನ್ನುವ, ಸಿಗ್ನಲ್ ದೊಡ್ಡದು ಮಾಡುವ ಐಸಿಯ ಔಟ್‌ಪುಟ್ಟಿನಿಂದ ಅದರ ಮೈನಸ್ ಇನ್‌ಪುಟ್ಟಿಗೆ ಕಟ್ಟಬೇಕು. ಐಸಿ ಹುಡುಕಲು ಎಲ್ಲೂ ಹೋಗಬೇಕಾಗಲಿಲ್ಲ. ಆಂಪ್ಲಿಫೈಯರ್ ರಿಪೇರಿಗೆ ಬೇಕಾಗುವ 4558 ನನ್ನ ಡಬ್ಬಿಯಲ್ಲಿ ಯಾವಾಗಲೂ ಇರುತ್ತದೆ. 153 ಅಂತ ಬರೆದ ಕಂಡೆನ್ಸರ್ ಎರಡು, ಅಂದರೆ 15 ನ್ಯಾನೋಫ್ಯಾರಡ್. ನಡುವಿನ ರೆಸಿಸ್ಟರ್ 47ಕೆ, ಅಂದರೆ 47 ಸಾವಿರ ಓಮ್ಸ್, ಸಂಕದ್ದು 1 ಮೆಗ್, ಅಂದರೆ ಹತ್ತು ಲಕ್ಷ. ಲೆಕ್ಕ ಹಾಕಿದರೆ 49 ಹರ್ಟ್ಸ್ ಬರುತ್ತದೆ, ಅಂದರೆ ಸೆಕೆಂಡಿಗೆ 49 ಕಂಪನ, ತುಂಬಾ ತಗ್ಗಿನ ಸ್ವರ. ಕರೆಂಟಿಗೆ 12-0-12 ಟ್ರಾನ್ಸ್‌ಫಾರ್ಮರ್, ವೋಲ್ಟೇಜ್ ಅಲುಗದಂತೆ ಹಿಡಿಯುವ 7812 ಮತ್ತು 7912 ಐಸಿಗಳು.

ಬೋರ್ಡಿನಲ್ಲಿ ಕಟ್ಟಿ ಒಂದು ಪಲ್ಸ್, ಅಂದರೆ ಕ್ಷಣಮಾತ್ರದ ಕರೆಂಟಿನ ಪೆಟ್ಟು ಕೊಟ್ಟೆ. "ಟಿಕ್" ಅಂತು, ಅಷ್ಟೇ. ಬೆಸುಗೆ ಎಲ್ಲ ಮತ್ತೆ ಮಾಡಿದೆ. ಐಸಿ ಬದಲಾಯಿಸಿದೆ. ಮತ್ತೆ ಟಿಕ್. ಒಂದಿಡೀ ಸಂಜೆ ಹೋಯಿತು. ಮರುದಿನ ಬೆಳಿಗ್ಗೆ ಹೊಳೆಯಿತು, ನಾನು ಕೇಳುತ್ತಿದ್ದದ್ದು ಟೇಬಲ್ ಮೇಲಿನ ಆರಿಂಚಿನ ಸ್ಪೀಕರಿನಲ್ಲಿ. 49 ಹರ್ಟ್ಸ್ ಅದರಲ್ಲಿ ಎಲ್ಲಿ ಬರಬೇಕು? ರಿಪೇರಿಗೆ ಬಂದಿದ್ದ ಹದಿನೈದಿಂಚಿನ ಬಾಕ್ಸಿಗೆ ಜೋಡಿಸಿದೆ. ಈ ಸಲ "ದಪ್" ಅಂತು. ಸದ್ದು ಇದೆ, ಆದರೆ ತುಂಡು. ಮಣೆ ಮೇಲೆ ಮುಷ್ಟಿ ಬಡಿದ ಹಾಗೆ.

ಯಾಕೆ ಅಂದರೆ ಈ ಸಾಮಾನಿಗೆ ಸದ್ದು ಆರುವ ಹೊತ್ತು ಸೆಕೆಂಡಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. ಅದನ್ನು ಉದ್ದ ಮಾಡಲು ಹೊರಗೆ ಬಂದ ಸದ್ದಿನಲ್ಲಿ ಸ್ವಲ್ಪವನ್ನು ಹಿಂದಕ್ಕೆ ಒಳಗೇ ಕೊಡಬೇಕು. ರೇಡಿಯೋದ ವಾಲ್ಯೂಮಿನಂಥ ಒಂದು ಪಾಟ್ ಹಾಕಿ ಮೆಲ್ಲಗೆ ತಿರುಗಿಸಿದೆ. ದಪ್, ದಬ್, ದುಂ, ದುಂಂ. ಇನ್ನೂ ಒಂದು ಕೂದಲಷ್ಟು ತಿರುಗಿಸಿದೆ. ಈಗ ಅದು ನಿಲ್ಲಲೇ ಇಲ್ಲ. ಕಪಾಟಿನ ಗಾಜು ಝಲ್ ಅಂತ ನಡುಗತೊಡಗಿತು. ತಟ್ಟನೆ ಹಿಂದಕ್ಕೆ ತಿರುಗಿಸಿದೆ. ಸದ್ದು ನಿಲ್ಲದೆ ಊಳಿಡುವುದಕ್ಕೆ ಕೂದಲೆಳೆ ಮೊದಲು, ಅಲ್ಲೇ ಇರುವುದು ಆ ಸದ್ದಿನ ಸೊಗಸು. ಆ ಜಾಗ ಯಾವ ನಕ್ಷೆಯಲ್ಲೂ ಬರೆದಿಲ್ಲ. ಕಿವಿ ಇಟ್ಟು ಹುಡುಕಬೇಕು. ಎರಡು ಬೋರ್ಡ್ ಕಟ್ಟಿದರೆ ಎರಡಕ್ಕೂ ಬೇರೆ ಬೇರೆ.

ಸ್ನೇರಿಗೆ ಸುಯ್ ಅನ್ನುವ ಸದ್ದು ಬೇಕು. ಅದಕ್ಕೆ ಒಂದು ಟ್ರಾನ್ಸಿಸ್ಟರನ್ನು ಉಲ್ಟಾ ಕಟ್ಟಬೇಕು. ಅದರ ಮೂರು ಕಾಲುಗಳಲ್ಲಿ ಕಲೆಕ್ಟರ್ ಕಾಲು ಬಿಟ್ಟು, ಎಮಿಟರ್ ಮತ್ತು ಬೇಸಿಗೆ ತಿರುಗುಮುರುಗು ವೋಲ್ಟೇಜ್ ಕೊಟ್ಟರೆ ಅದು ಒಳಗೆ ಸಣ್ಣಗೆ ಕುದಿಯುತ್ತದೆ. ಬಿಸಿ ಕಾವಲಿ ಮೇಲೆ ನೀರು ಚಿಮುಕಿಸಿದ ಹಾಗೆ. ಐಸಿ ಸಾಕೆಟ್ ಒಂದನ್ನು ಕೂರಿಸಿ, ಇಪ್ಪತ್ತು ಬಿಸಿ547 ಟ್ರಾನ್ಸಿಸ್ಟರುಗಳನ್ನು ಒಂದೊಂದಾಗಿ ಚುಚ್ಚಿ ಕೇಳಿದೆ. ಒಂದೇ ಪೊಟ್ಟಣದ ಸಾಮಾನಾದರೂ ಒಂದರ ಹಾಗೆ ಒಂದಿಲ್ಲ. ಕೆಲವು ಸಪ್ಪೆ. ಕೆಲವು ಚಟಪಟ. ಮೂರು ಮಾತ್ರ ತುಂಬಿದ ದನಿಯವು. ಆ ಮೂರನ್ನು ಬೇರೆ ಡಬ್ಬಿಯಲ್ಲಿ ಎತ್ತಿಟ್ಟೆ. 808ಕ್ಕೂ ಹೀಗೇ ಆರಿಸುತ್ತಿದ್ದರು. ಬೇರೆ ಕೆಲಸಕ್ಕೆ ಆಗದು ಅಂತ ಪರೀಕ್ಷೆಯಲ್ಲಿ ಬಿದ್ದ ಟ್ರಾನ್ಸಿಸ್ಟರುಗಳನ್ನೇ ಬೇಕೆಂದು ಕೊಂಡು, ಅವುಗಳಲ್ಲೂ ಒಳ್ಳೆಯ ಸುಯ್ ಇದ್ದವನ್ನು ಬಳಸಿದ್ದಾಗಿ ಕಾಕೆಹಾಶಿ ಅವರೇ ಹೇಳಿದ್ದಾರೆ. ಟ್ರಾನ್ಸಿಸ್ಟರ್ ಮಾಡುವ ಕೆಲಸ ಸುಧಾರಿಸಿದ ಮೇಲೆ ಬಿದ್ದ ಮಾಲು ಸಿಗದೆ ಹೋಯಿತು. 808 ನಿಂತದ್ದಕ್ಕೆ ಅದೂ ಒಂದು ಕಾರಣ.

ತಾಳಕ್ಕೆ ಏನು ಮಾಡುವುದು ಅನ್ನುವುದು ಮುಂದಿನ ಪ್ರಶ್ನೆ. ಡಿಆರ್-55ರಲ್ಲಿ ಒಂದು ಸಾಲಿಗೆ 16 ಇಲ್ಲಾ 12 ಮನೆ, ಅಂದರೆ ಪೆಟ್ಟು ಬೀಳಬಹುದಾದ ಜಾಗ. 808ರಲ್ಲೂ ಎದುರಿಗೆ 16 ಬಟನ್, ನಾಲ್ಕು ನಾಲ್ಕರಂತೆ ಬೇರೆ ಬೇರೆ ಬಣ್ಣ. ನನ್ನದು ಯಕ್ಷಗಾನ ಕೇಳಿ ಬೆಳೆದ ಕಿವಿ. ಏಳು ಬೇಕು, ಹತ್ತು ಬೇಕು. ಇದಕ್ಕೆ 4017 ಅನ್ನುವ ಹಳೇ ಐಸಿ ಸರಿಯಾಗಿ ಒದಗಿತು. ಓಡುವ ಸೀರಿಯಲ್ ಲೈಟಿನಲ್ಲಿ ಹಾಕುತ್ತೇವಲ್ಲ, ಅದೇ. 555 ಅನ್ನುವ ಟೈಮರ್ ಐಸಿಯಿಂದ ಪಲ್ಸ್ ಕೊಟ್ಟರೆ ಅದು ಹತ್ತು ಕಾಲುಗಳನ್ನು ಒಂದಾದ ಮೇಲೆ ಒಂದರಂತೆ ಎತ್ತುತ್ತದೆ. ಹತ್ತಕ್ಕೆ ಹತ್ತೂ ಓಡಲು ಬಿಟ್ಟರೆ ಝಂಪೆ ತಾಳ. ಎಂಟನೆಯದಾಗಿ ಏಳುವ ಕಾಲನ್ನು ರೀಸೆಟ್ಟಿಗೆ ಸೇರಿಸಿದರೆ ಏಳಕ್ಕೇ ತಿರುಗುತ್ತದೆ, ತ್ರಿವುಡೆ ತಾಳ. ಯಾವ ಕಾಲಿನಿಂದ ಯಾವ ಸದ್ದು ಹೊಡೆಸಬೇಕೋ ಅಲ್ಲಿಂದ ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಡಯೋಡ್ ಹಾಕಿದೆ. ಮೊದಲ ಸಲ ತ್ರಿವುಡೆ ತಪ್ಪದೆ ಓಡಿದಾಗ ನನಗರಿವಿಲ್ಲದೆ ತೊಡೆ ಮೇಲೆ ಕೈ ಬಡಿಯುತ್ತಿತ್ತು.

ಇಷ್ಟಾದ ಮೇಲೆ ಒಂದು ದಿನ ಅಂಕೋಲೆ ಕಡೆಯ ಹಾಲಕ್ಕಿ ಸಮುದಾಯದ ಹಿರಿಯರೊಬ್ಬರು ಟಾರ್ಚ್ ರಿಪೇರಿಗೆ ಬಂದರು. ಅವರು ಸುಗ್ಗಿಯಲ್ಲಿ, ಹಬ್ಬದಲ್ಲಿ ಗುಮಟೆ ಬಾರಿಸುವವರು. ಗುಮಟೆ ನೋಡದವರಿಗೆ ಹೇಳುತ್ತೇನೆ: ಮಣ್ಣಿನ ಮಡಕೆ, ಎರಡು ಬಾಯಿ. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತದೆ. ಸಣ್ಣ ಬಾಯಿ ತೆರೆದಿರುತ್ತದೆ. ಒಂದು ಕೈ ಚರ್ಮದ ಮೇಲೆ ಹೊಡೆಯುತ್ತದೆ, ಇನ್ನೊಂದು ಅಂಗೈ ತೆರೆದ ಬಾಯಿಯನ್ನು ಮುಚ್ಚಿ, ಬಿಟ್ಟು ಮಾಡುತ್ತಿರುತ್ತದೆ. ಸದ್ದು ಅದರಿಂದಲೇ ಬಾಗುವುದು.

"ಎಂತ ಅದು ತಮಾ?" ಅಂದರು. ಓಡಿಸಿ ಕೇಳಿಸಿದೆ. ಅವರು ಸ್ಟೂಲ್ ಎಳೆದು ಬಾಕ್ಸಿನ ಎದುರು ಕೂತರು. ತುಂಬಾ ಹೊತ್ತು ಮಾತಾಡಲಿಲ್ಲ.

"ಹೊಡ್ತ ಒಳ್ಳೇದದೆ. ಆದ್ರೆ ಕೈ ಮುಚ್ಚೂದು ಇಲ್ಲ ಇದ್ರಲ್ಲಿ."

ಅವರು ಟಾರ್ಚ್ ತಗೊಂಡು ಹೋದರು. ಆ ಮಾತು ಮಾತ್ರ ನನ್ನ ಹತ್ತಿರ ಉಳಿಯಿತು. 808ರಲ್ಲೂ ಒಂದು ಸಣ್ಣ ಬಾಗು ಇದೆ. ಪೆಟ್ಟು ಬಿದ್ದ ಕ್ಷಣ ಒಂದು ಟ್ರಾನ್ಸಿಸ್ಟರ್ ನಡುವಿನ ರೆಸಿಸ್ಟರನ್ನು ಚಿಕ್ಕದು ಮಾಡುತ್ತದೆ, ಸ್ವರ ಮೇಲೆ ಹಾರಿ ತಕ್ಷಣ ಕೆಳಗೆ ಕೂರುತ್ತದೆ. ಅಂದರೆ ಸ್ವರ ಇರುವುದೇ ಆ ಒಂದು ರೆಸಿಸ್ಟರಿನಲ್ಲಿ. ಅದನ್ನು ಅಂಗೈಗೆ ಕೊಟ್ಟರೆ?

ಬೀದಿ ದೀಪದ ಆಟೋಮ್ಯಾಟಿಕ್ ಸ್ವಿಚ್ಚಿಗೆ ಹಾಕುವ ಎಲ್‌ಡಿಆರ್ ಒಂದು ಡಬ್ಬಿಯಲ್ಲಿತ್ತು. ಬೆಳಕು ಬಿದ್ದರೆ ಅದರ ಓಮ್ಸ್ ಇಳಿಯುತ್ತದೆ, ಕತ್ತಲಾದರೆ ಏರುತ್ತದೆ. 47ಕೆ ಕಿತ್ತು ಆ ಜಾಗಕ್ಕೆ 10ಕೆ ಮತ್ತು ಎಲ್‌ಡಿಆರ್ ಸಾಲಾಗಿ ಹಾಕಿದೆ. ಎಲ್‌ಡಿಆರಿಗೆ ಅಡ್ಡಲಾಗಿ ಒಂದು 100ಕೆ, ಸ್ವರ ತೀರಾ ಪಾತಾಳಕ್ಕೆ ಹೋಗದಿರಲಿ ಅಂತ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಹೊಡೆಸಿದರೆ ಸುಮಾರು 87 ಹರ್ಟ್ಸ್. ಅಂಗೈ ಅಡ್ಡ ಹಿಡಿದರೆ 43ರ ಹತ್ತಿರ. ಸರಿಯಾಗಿ ಒಂದು ಸ್ಥಾಯಿ. ಇನ್ನೂ ಒಂದು ಲಾಭ ತಾನಾಗಿಯೇ ಸಿಕ್ಕಿತು. ಎಲ್‌ಡಿಆರ್ ಕತ್ತಲೆಗೆ ನಿಧಾನವಾಗಿ ಒಗ್ಗುತ್ತದೆ. ಹಾಗಾಗಿ ಕೈ ಮುಚ್ಚಿದಾಗ ಸ್ವರ ಥಟ್ಟನೆ ಹಾರುವುದಿಲ್ಲ, ಜಾರಿಕೊಂಡು ಇಳಿಯುತ್ತದೆ. ಗುಂಊಂ. ಮೊದಲ ಸಲ ಕೇಳಿದಾಗ ಮೈಮೇಲೆ ಕೂದಲು ನಿಂತಿತು. ರೆಕಾರ್ಡ್ ಮಾಡಿದ ಸದ್ದನ್ನು ಒತ್ತಿದಷ್ಟು ಸಲವೂ ಕೇಳಬಹುದು, ಕಂಪ್ಯೂಟರಿನಲ್ಲಿ ಬಾಗಿಸಲೂಬಹುದು. ಆದರೆ ಸದ್ದು ಹುಟ್ಟುತ್ತಿರುವ ಜಾಗಕ್ಕೇ ಕೈ ಹಾಕಲು ಬಿಡುವುದು ಈ ಹಳೇ ಸರ್ಕ್ಯೂಟ್ ಮಾತ್ರ. ನನಗೆ ಇದರ ಮೇಲೆ ಇಷ್ಟು ಪ್ರೀತಿ ಅದಕ್ಕೇ.

ತೊಂದರೆಯೂ ಇದೆ. ಜುಲೈ ತಿಂಗಳಲ್ಲಿ ಮೋಡ ಕವಿದರೆ ಅಂಗಡಿಯ ಒಳಗೆ ಸ್ವರ ಇಳಿದುಬಿಡುತ್ತದೆ. ಬಿಸಿಲು ಬಂದರೆ ಏರುತ್ತದೆ. ಚಂಡೆಯವರು ಮಳೆಗಾಲದಲ್ಲಿ ಚರ್ಮ ಕಾಯಿಸಿ ಬಿಗಿ ಮಾಡಿಕೊಳ್ಳುವಂತೆ ನಾನೂ ನುಡಿಸುವ ಮೊದಲು ಪ್ರೀಸೆಟ್ (ಬೋರ್ಡಿನ ಮೇಲಿನ ಸಣ್ಣ ಪಾಟ್) ತಿರುಗಿಸಿ ಕೂರಿಸಿಕೊಳ್ಳುತ್ತೇನೆ.

ಕಳೆದ ವಾರ ಆ ಹಿರಿಯರು ಮತ್ತೆ ಬಂದಿದ್ದರು. ಅಂಗೈ ಇಟ್ಟು ನೋಡಿದರು. ಎರಡು ಸಲ ಮುಚ್ಚಿ ತೆರೆದ ಮೇಲೆ ಅವರ ಕೈ ತಾನಾಗಿ ಲಯ ಹಿಡಿಯಿತು, ಇನ್ನೊಂದು ಕೈ ಮಾತ್ರ ಗಾಳಿಯಲ್ಲಿ ಹೊಡೆಯುತ್ತಿತ್ತು. ಚರ್ಮ ಇಲ್ಲವಲ್ಲ. ಸಂಜೆ ಬಸ್ಸಿಗೆ ಹೋಗಿ, ಮರುದಿನ ಒಂದು ಹಳೇ ಗುಮಟೆ ತಂದು ನನ್ನ ಟೇಬಲ್ ಮೇಲೆ ಇಟ್ಟರು. "ಇದ್ರ ಹೊಟ್ಟೆಗೆ ಹಾಕಿ ಕೊಡು."

ಈಗ ಅದೇ ಕೆಲಸ ನಡೆದಿದೆ. ಬಜರಿನಿಂದ ತೆಗೆದ, ಅದುರಿದರೆ ಕರೆಂಟ್ ಕೊಡುವ ಹಿತ್ತಾಳೆಯ ಪೀಜೋ ತಟ್ಟೆಯನ್ನು ಚರ್ಮದ ಅಂಚಿಗೆ ಅಂಟಿಸಿದ್ದೇನೆ, ಪೆಟ್ಟು ಅಲ್ಲಿಂದ ಬರುತ್ತದೆ. ಎಲ್‌ಡಿಆರ್ ಮಡಕೆಯ ಒಳಗೆ. ರಾತ್ರಿಯೂ ಬೆಳಕು ಸಿಗಲಿ ಅಂತ ಸಣ್ಣ ಬಾಯಿಯ ಹೊರಗೆ ಕಂಬಿಯ ಮೇಲೆ ಒಂದು ಬಿಳಿ ಎಲ್‌ಇಡಿ. ವಯರ್ ಹೊರಗೆ ತರಲು ಮಡಕೆಗೆ ತೂತು ಕೊರೆದರೆ ಸುಲಭ ಆಗುತ್ತಿತ್ತು. ಡ್ರಿಲ್ ಕೈಯಲ್ಲಿ ಹಿಡಿದು ಎರಡು ಸಲ ಕೆಳಗಿಟ್ಟೆ. ಕೊನೆಗೆ ಬಾಯಿಯ ಅಂಚಿನಿಂದಲೇ, ಅವರ ಅಂಗೈಗೆ ತಾಗದ ಹಾಗೆ, ತೆಳು ವಯರನ್ನು ಮೇಣ ಹಚ್ಚಿ ಕೂರಿಸುತ್ತಿದ್ದೇನೆ.